ಮೈಸೂರೂ ಮೊಸರೂ ಒಂದೇ ಆದಾಗ

ಮಧ್ಯ ರೈಲ್ವೆಯಲ್ಲಿ ಘಾಟ್ಕೋಪರ್ ದಾಟಿದರೆ ಸಿಗುವ ನಿಲ್ದಾಣದ ಹೆಸರು ಮೂರು ಭಾಷೆಗಳಲ್ಲಿ ಮೂರು ಬಗೆ. ಮರಾಠಿಯಲ್ಲಿ ವಿಕ್ರೋಳೀ, ಹಿಂದಿಯಲ್ಲಿ ವಿಕ್ರೋಲೀ, ಇಂಗ್ಲಿಷಿನಲ್ಲಿ ಎಲ್ಲಿಂದಲೋ ಒಂದು ಹಕಾರ ಬಂದು ಸೇರಿಕೊಂಡು ವಿಖ್ರೋಲಿ. ಹಿಂದಿಗೆ ಹೋಗುವಾಗ ಳಕಾರ ಬಿದ್ದುಹೋಯಿತು, ಇಂಗ್ಲಿಷಿಗೆ ಹೋಗುವಾಗ ಇಲ್ಲದ ಮಹಾಪ್ರಾಣ ಹುಟ್ಟಿಕೊಂಡಿತು. ಮುಂಬೈ ಕನ್ನಡಿಗರು ಮರಾಠಿಯ ಳಕಾರವನ್ನು ಉಳಿಸಿಕೊಂಡು, ಕೊನೆಯ ದೀರ್ಘವನ್ನು ತಮ್ಮ ನಾಲಗೆಗೆ ತಕ್ಕಂತೆ ಮೊಟಕು ಮಾಡಿ ವಿಕ್ರೋಳಿ ಎಂದು ಬರೆದುಕೊಂಡರು. ಇಳಿಯುವವರಿಗೆ ಇದರಿಂದ ತೊಂದರೆಯೇನೂ ಇಲ್ಲ. ಯಾವ ಕಾಗುಣಿತ ಓದಿಕೊಂಡು ಬಂದರೂ ರೈಲು ನಿಲ್ಲುವುದು ಅದೇ ಪ್ಲಾಟ್‌ಫಾರ್ಮಿನಲ್ಲಿ.

ವೆಬ್‌ಸೈಟುಗಳು ಇಷ್ಟು ಉದಾರಿಗಳಲ್ಲ. ಅಲ್ಲಿ ಒಂದು ಅಕ್ಷರ ಆಚೀಚೆಯಾದರೆ ಪುಟ ಸಿಗುವುದಿಲ್ಲ, 404 ಸಿಗುತ್ತದೆ. ಹಾಗಾಗಬಾರದೆಂದೇ ವೆಬ್ ಫ್ರೇಮ್‌ವರ್ಕುಗಳಲ್ಲಿ ವಿಳಾಸಗಳನ್ನು ನಾರ್ಮಲೈಸ್ ಮಾಡುವ, ಅಂದರೆ ಒಂದೇ ರೂಪಕ್ಕೆ ತರುವ ವ್ಯವಸ್ಥೆ ಇದೆ. ಡೊಮೇನ್ ಹೆಸರಿನ ಆಚೆಗಿರುವ ದಾರಿಯನ್ನು ಓದಿ ಯಾವ ಪುಟ ಕೊಡಬೇಕೆಂದು ತೀರ್ಮಾನಿಸುವ ಮಾದರಿಗೆ ರೂಟ್ ಎಂದು ಹೆಸರು. ಬಂದ ವಿಳಾಸ, ಬರೆದಿಟ್ಟ ರೂಟ್ ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿದರೆ ಸಣ್ಣಪುಟ್ಟ ವ್ಯತ್ಯಾಸಗಳಿಂದ ಓದುಗ ದಾರಿ ತಪ್ಪುವುದಿಲ್ಲ. ಉದ್ದೇಶ ಒಳ್ಳೆಯದು. ಆದರೆ ಯಾವ ವ್ಯತ್ಯಾಸ ಸಣ್ಣದು, ಯಾವುದು ದೊಡ್ಡದು ಎಂದು ತೀರ್ಮಾನಿಸಿದವರಿಗೆ ಕನ್ನಡದ ಕಾಗುಣಿತ ಗೊತ್ತಿರಲಿಲ್ಲ. ಗೊತ್ತಿದ್ದ ಕನ್ನಡದ ಇಂಜಿನಿಯರುಗಳು ಸುಮ್ಮನಿದ್ದಾರೆ. ಜಗಳ ಇರುವುದು ಈ ಎರಡನೆಯ ಮಾತಿನ ಬಗ್ಗೆ.

ಫ್ರೇಮ್‌ವರ್ಕುಗಳು ಏನನ್ನು ಗಮನಿಸಿವೆ ನೋಡಿ. ವಿಳಾಸದ ಕೊನೆಯಲ್ಲಿ ಓರೆಗೆರೆ, ಅಂದರೆ ಸ್ಲ್ಯಾಷ್, ಇರಬೇಕೇ ಬೇಡವೇ ಎಂಬ ಬಗ್ಗೆ ಅವುಗಳಲ್ಲಿ ಧರ್ಮಶಾಸ್ತ್ರದಷ್ಟು ಚರ್ಚೆ ನಡೆದಿದೆ. ಜ್ಯಾಂಗೋ ಇಲ್ಲದ ಸ್ಲ್ಯಾಷನ್ನು ಸೇರಿಸಿ ಓದುಗನನ್ನು ಮರುದಾರಿಗೆ ಕಳಿಸುತ್ತದೆ. ಎಕ್ಸ್‌ಪ್ರೆಸ್ ಸ್ಲ್ಯಾಷ್ ಇದ್ದರೂ ಇಲ್ಲದಿದ್ದರೂ ಒಂದೇ ಎನ್ನುತ್ತದೆ, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳನ್ನೂ ಒಂದೇ ಎಂದು ಎಣಿಸುತ್ತದೆ. ಗೋ ಭಾಷೆಯ ಸರ್ವರ್ ಎರಡು ಸ್ಲ್ಯಾಷ್ ಒಟ್ಟಿಗೆ ಬಂದರೆ ಒಂದನ್ನು ತೆಗೆದುಹಾಕುತ್ತದೆ. ಎಲ್ಲವೂ ರೋಮನ್ ಲಿಪಿಯಲ್ಲಿ ಟೈಪ್ ಮಾಡುವವನು ಮಾಡಬಹುದಾದ ತಪ್ಪುಗಳು. ಕನ್ನಡದಲ್ಲಿ ದೊಡ್ಡಕ್ಷರವೂ ಇಲ್ಲ, ಸಣ್ಣಕ್ಷರವೂ ಇಲ್ಲ. ಇಲ್ಲಿರುವುದು ಕಾಗುಣಿತ, ಒತ್ತಕ್ಷರ, ದೀರ್ಘ, ಅನುಸ್ವಾರ. ಅವುಗಳ ಗತಿ ಏನಾಗುತ್ತದೆ?

ಜ್ಯಾಂಗೋದಲ್ಲಿ ಸ್ಲಗಿಫೈ ಎಂಬ ಸಣ್ಣ ಸೌಲಭ್ಯವಿದೆ. ಲೇಖನದ ಶೀರ್ಷಿಕೆ ಕೊಟ್ಟರೆ ವಿಳಾಸಕ್ಕೆ ತಕ್ಕ ತುಂಡನ್ನು, ಅಂದರೆ ಸ್ಲಗ್ ಅನ್ನು, ಅದು ಮಾಡಿಕೊಡುತ್ತದೆ. ವಿಕ್ರೋಳಿ ಎಂದು ಕೊಡಿ. ಏನೂ ಬರುವುದಿಲ್ಲ. ನಿಜವಾಗಿಯೂ ಏನೂ ಇಲ್ಲ, ಖಾಲಿ. ರೋಮನ್ ಅಲ್ಲದ್ದನ್ನೆಲ್ಲ ಎಸೆಯುವುದು ಅದರ ಪೂರ್ವನಿಯೋಜಿತ ಸ್ವಭಾವ. ರೈಲ್ಸ್‌ನಲ್ಲಿ ಇದೇ ಕೆಲಸಕ್ಕಿರುವ ಪ್ಯಾರಾಮೀಟರೈಸ್ ಕೂಡ ಕನ್ನಡದ ಪದ ಕೊಟ್ಟರೆ ಖಾಲಿ ಕೈ ತೋರಿಸುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಬಹುದು, ಕ್ಷಮಿಸಲೂಬಹುದು. ಬಾಗಿಲು ಮುಚ್ಚಿದೆ ಎಂದು ಸ್ಪಷ್ಟವಾಗಿ ಹೇಳುವವನ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ.

ಜಗಳ ಆಡಬೇಕಾದ್ದು ಬಾಗಿಲು ತೆರೆದಿದೆ ಎಂದು ಬೋರ್ಡು ಹಾಕಿದವನ ಹತ್ತಿರ. 2015ರ ಕೊನೆಗೆ ಬಂದ ಜ್ಯಾಂಗೋ 1.9ರಲ್ಲಿ ಸ್ಲಗಿಫೈಗೆ ಒಂದು ಆಯ್ಕೆ ಸೇರಿತು: ಯುನಿಕೋಡ್‌ಗೆ ಅವಕಾಶ ಕೊಡು. ಆ ಆಯ್ಕೆಯನ್ನು ಚಾಲೂ ಮಾಡಿ ವಿಕ್ರೋಳಿ ಎಂದು ಕೊಟ್ಟರೆ ಬರುವುದು ವಕರಳ. ಮುಂಬೈ ಕೊಟ್ಟರೆ ಮಬ. ಬೆಂಗಳೂರು ಕೊಟ್ಟರೆ ಬಗಳರ. ಕರ್ನಾಟಕ ಕೊಟ್ಟರೆ ಕರನಟಕ. ಕನ್ನಡ ಎಂದು ಕೊಟ್ಟರೆ ಕನನಡ.

ಕಾರಣ ಸರಳ. ಆ ಸೌಲಭ್ಯ ಪದದ ಅಕ್ಷರವಲ್ಲದ್ದನ್ನೆಲ್ಲ ತೆಗೆದುಹಾಕುತ್ತದೆ, ಯಾವುದು ಪದದ ಅಕ್ಷರ ಎಂದು ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಷನ್ ಮಾಡ್ಯೂಲನ್ನು ಕೇಳುತ್ತದೆ. ಆ ಮಾಡ್ಯೂಲಿನ ಪ್ರಕಾರ ಕ ಅಕ್ಷರ, ಆದರೆ ಕಿ ಯ ಗುಡಿಸು ಅಕ್ಷರವಲ್ಲ. ಏತ್ವ ಅಲ್ಲ, ಕೊಂಬು ಅಲ್ಲ, ಒತ್ತಕ್ಷರ ಕಟ್ಟುವ ವಿರಾಮ ಅಲ್ಲ, ಅನುಸ್ವಾರವೂ ಅಲ್ಲ. ಯುನಿಕೋಡ್ ಇವನ್ನು 'ಗುರುತು'ಗಳ ವರ್ಗಕ್ಕೆ ಸೇರಿಸಿದೆ, ಪೈಥಾನ್ ಗುರುತುಗಳನ್ನು ಪದದ ಭಾಗವೆಂದು ಒಪ್ಪುವುದಿಲ್ಲ. ಯುನಿಕೋಡ್ ಸಂಸ್ಥೆ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗಳಿಗೆಂದೇ ಪ್ರಕಟಿಸಿರುವ ತಾಂತ್ರಿಕ ದಸ್ತಾವೇಜು ಮಾತ್ರ ಇದಕ್ಕೆ ಪೂರ್ತಿ ವಿರುದ್ಧವಾದುದನ್ನು ಹೇಳುತ್ತದೆ: ಪದದ ಅಕ್ಷರ ಎಂದರೆ ಗುರುತುಗಳೂ ಸೇರಿಯೇ. ಪರ್ಲ್ ಭಾಷೆ ಅದನ್ನು ಪಾಲಿಸುತ್ತದೆ. ಪೈಥಾನ್ ಪಾಲಿಸುತ್ತಿಲ್ಲ ಎಂಬ ದೂರು ಅದರ ದೋಷಪಟ್ಟಿಯಲ್ಲಿ 2011ರಲ್ಲೇ ದಾಖಲಾಗಿದೆ.

ತಮಾಷೆಯೆಂದರೆ, ಅದೇ ಪೈಥಾನ್ ತನ್ನ ಪ್ರೋಗ್ರಾಮಿನೊಳಗೆ ವಿಕ್ರೋಳಿ ಎಂಬ ಹೆಸರಿನ ವೇರಿಯಬಲ್ ಇಟ್ಟುಕೊಳ್ಳಲು ಬಿಡುತ್ತದೆ. ಗುಡಿಸು, ಒತ್ತು, ದೀರ್ಘ ಯಾವುದಕ್ಕೂ ತಕರಾರಿಲ್ಲ. ಹೆಸರಾಗಿ ಸೈ, ಪದವಾಗಿ ಮಾತ್ರ ಅಲ್ಲ. ಇನ್ನೂ ದೊಡ್ಡ ತಮಾಷೆ ಸ್ಲಗಿಫೈನ ಒಳಗೇ ಇದೆ. ಯುನಿಕೋಡ್ ಆಯ್ಕೆ ಚಾಲೂ ಇದ್ದಾಗ ಅದು ಮೊದಲು ಪದವನ್ನು ಶಾಸ್ತ್ರೋಕ್ತವಾಗಿ ನಾರ್ಮಲೈಸ್ ಮಾಡುತ್ತದೆ, ಬಿಡಿಬಿಡಿಯಾಗಿ ಬಂದ ಸ್ವರಚಿಹ್ನೆಗಳನ್ನು ಜೋಪಾನವಾಗಿ ಒಟ್ಟುಗೂಡಿಸುತ್ತದೆ. ಆಮೇಲೆ, ಹೀಗೆ ಒಟ್ಟುಗೂಡಿಸಿದ್ದನ್ನು ಕಿತ್ತು ಬಿಸಾಡುತ್ತದೆ. ಮದುಮಗನಿಗೆ ಪೇಟ ಸುತ್ತಿ, ಮಂಟಪದ ಬಾಗಿಲಲ್ಲಿ ತಲೆಯನ್ನೇ ತೆಗೆದ ಹಾಗೆ.

ಸ್ಲಗಿಫೈ ಕೈಯಿಂದ ತಪ್ಪಿಸಿಕೊಂಡು ಡೆವಲಪರ್ ತಾನೇ ಕೈಯಾರೆ ವಿಕ್ರೋಳಿ ಎಂದು ಬರೆದುಕೊಟ್ಟರೂ ಬಿಡುಗಡೆಯಿಲ್ಲ. ಯುನಿಕೋಡ್‌ಗೆ ಅವಕಾಶವಿರುವ ಸ್ಲಗ್ ಫೀಲ್ಡ್ ಅದೇ ತಪ್ಪು ವ್ಯಾಖ್ಯೆಯಿಂದ ತಪಾಸಣೆ ಮಾಡಿ ಇದು ಸರಿಯಾದ ಸ್ಲಗ್ ಅಲ್ಲ ಎನ್ನುತ್ತದೆ. ರೂಟ್ ಬರೆಯುವಾಗ ಬಳಸುವ ಸ್ಲಗ್ ಮಾದರಿಯಂತೂ ರೋಮನ್ ಅಕ್ಷರ, ಅಂಕಿ, ಎರಡು ಬಗೆಯ ಅಡ್ಡಗೆರೆ ಇವಿಷ್ಟನ್ನೇ ಬಲ್ಲದು. ಅಧ್ಯಾಯಕ್ಕೆ ೧೨ ಎಂದು ಕನ್ನಡ ಅಂಕಿ ಹಾಕಿದರೆ ಪೂರ್ಣಾಂಕದ ಮಾದರಿ ಅದನ್ನೂ ಒಪ್ಪುವುದಿಲ್ಲ. ಪೈಥಾನ್‌ಗೆ ೧೨ ಎಂದರೆ ಹನ್ನೆರಡು ಎಂದು ಚೆನ್ನಾಗಿ ಗೊತ್ತು, ರೂಟಿಗೆ ಗೊತ್ತಿಲ್ಲ.

ಅಕ್ಷರ ಕಳೆದರೆ ವಿಳಾಸ ಕುರೂಪವಾಗುತ್ತದೆ, ಅಷ್ಟೇ ತಾನೇ ಎಂದು ಕೆಲವರು ಕೇಳುತ್ತಾರೆ. ಅಷ್ಟೇ ಅಲ್ಲ. ಮೈಸೂರು ಎಂಬ ಪದದಿಂದ ಗುರುತುಗಳನ್ನೆಲ್ಲ ತೆಗೆಯಿರಿ: ಮಸರ. ಮೊಸರು ಎಂಬ ಪದದಿಂದ ತೆಗೆಯಿರಿ: ಮಸರ. ಮೂರು, ಮಾರಿ, ಮೇರು, ಮೋರಿ, ಮೀರು, ಮುರಿ ಎಲ್ಲವೂ ಮರ ಆಗುತ್ತವೆ. ಅಡುಗೆಯ ಪುಟ ಇರುವ ತಾಣದಲ್ಲಿ ಮೊಸರಿನ ಬಗ್ಗೆ ಮೊದಲು ಬರೆದವರು ಮಸರ ಎಂಬ ವಿಳಾಸ ಹಿಡಿದುಕೊಂಡರೆ, ಆಮೇಲೆ ಮೈಸೂರಿನ ಬಗ್ಗೆ ಬರೆದವರಿಗೆ ಒಂದೋ ದೋಷಸಂದೇಶ ಬರುತ್ತದೆ, ಇಲ್ಲವೇ ಹೆಸರಿನ ಬಾಲಕ್ಕೆ 2 ಎಂಬ ಅಂಕಿ ಅಂಟಿಕೊಳ್ಳುತ್ತದೆ. ಅರಮನೆಯ ಊರಿಗೆ ಮಸರ-2 ಎಂಬ ಪಟ್ಟ.

ವೆಬ್ ವಿಳಾಸಗಳ ಮೂಲ ನಿಯಮಗಳಿರುವುದು 2005ರ ಜನವರಿಯ ಆರ್‌ಎಫ್‌ಸಿ 3986ರಲ್ಲಿ. ಬರೆದವರು ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್, ಲ್ಯಾರಿ ಮ್ಯಾಸಿಂಟರ್. ನಾರ್ಮಲೈಸ್ ಮಾಡುವ ಬಗ್ಗೆ ಅದರಲ್ಲಿ ಒಂದು ಇಡೀ ಅಧ್ಯಾಯವೇ ಇದೆ. ಅದರ ತಿರುಳು ಇದು: ಒಂದೇ ಆಗಿರುವ ಎರಡು ವಿಳಾಸಗಳನ್ನು ಬೇರೆ ಎಂದು ಎಣಿಸುವ ತಪ್ಪನ್ನು ಆದಷ್ಟು ಕಡಿಮೆ ಮಾಡಿ, ಬೇರೆಯಾಗಿರುವ ಎರಡನ್ನು ಒಂದೇ ಎಂದು ಎಣಿಸುವ ತಪ್ಪನ್ನು ಎಂದೂ ಮಾಡಬೇಡಿ. ಮೊದಲನೆಯದು ಸಹಿಸಬಹುದಾದ ತಪ್ಪು, ಎರಡನೆಯದು ಸಹಿಸಬಾರದ್ದು. ಮೈಸೂರನ್ನೂ ಮೊಸರನ್ನೂ ಒಂದು ಮಾಡುವುದು ಎರಡನೆಯದು. ಯಾವ ಮಾನದಂಡದ ಹೆಸರು ಹೇಳಿ ಸ್ಲಗ್ ಶುದ್ಧ ಮಾಡುತ್ತೇವೆ ಎನ್ನುತ್ತಾರೋ ಆ ಮಾನದಂಡವೇ ಇದನ್ನು ನಿಷೇಧಿಸಿದೆ.

ಇನ್ನು ಮೊದಲನೆಯ ತಪ್ಪು. ಅದೂ ಕನ್ನಡಕ್ಕೆ ಹೊಸದಲ್ಲ, ಅದರ ಬೇರು ಯಂತ್ರಗಳಷ್ಟೇ ಹಳೆಯದು. ವಿಕ್ರೋಳಿ ಎಂದರೆ ಗೋದ್ರೆಜ್ ಎನ್ನುವವರು ಈಗಲೂ ಇದ್ದಾರೆ. ಪೂರ್ವದ ಪಿರೋಜ್‌ಶಾನಗರದ ಆ ಕಂಪನಿಯೇ 1955ರಲ್ಲಿ ಭಾರತದಲ್ಲಿ ತಯಾರಾದ ಟೈಪ್‌ರೈಟರನ್ನು ಮಾರುಕಟ್ಟೆಗೆ ತಂದದ್ದು, 2009ರ ಹೊತ್ತಿಗೆ ಆ ತಯಾರಿಕೆಯನ್ನು ನಿಲ್ಲಿಸಿದ್ದು. ಕಂಪನಿಯ ಚರಿತ್ರೆಯನ್ನು ಕಾಪಾಡುವ ಆರ್ಕೈವ್ಸ್ ಕೂಡ ವಿಕ್ರೋಳಿಯಲ್ಲೇ ಇದೆ. ಟೈಪ್‌ರೈಟರಿನ ಯುಗದಲ್ಲಿ ಕನ್ನಡದ ಕೋ ಒಂದೇ ಏಟಿಗೆ ಮೂಡುವ ಅಕ್ಷರವಾಗಿರಲಿಲ್ಲ. ತುಂಡು ತುಂಡಾಗಿ ಹೊಡೆಯಬೇಕು, ದೀರ್ಘ ಕೊನೆಗೆ ಬೇರೆಯಾಗಿ ಬಂದು ಕೂರಬೇಕು. ಆಮೇಲೆ ಬಂದ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೂ ದೀರ್ಘಕ್ಕೆ ಪ್ರತ್ಯೇಕ ಅಚ್ಚು ಇತ್ತು. ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದೂ ಹಾಗೆಯೇ: ಮೊದಲು ಓತ್ವ, ಆಮೇಲೆ ಓತ್ವದ ದೀರ್ಘ.

ಯುನಿಕೋಡ್ ಈ ಎರಡು ಬಗೆಯನ್ನೂ ಒಳಗೆ ಬಿಟ್ಟುಕೊಂಡಿದೆ. ರೋ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ, ಕೊಂಬಿನ ದೀರ್ಘ, ಆಮೇಲೆ ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಈ, ಏ, ಐ, ಒ, ಓ ಈ ಐದು ಸ್ವರಗಳ ಚಿಹ್ನೆಗಳಿಗೆ ಇಂಥ ಬಿಡಿರೂಪಗಳಿವೆ. ಪರದೆಯ ಮೇಲೆ ಎರಡೂ ಒಂದೇ, ಕಣ್ಣಿಟ್ಟು ನೋಡಿದರೂ ವ್ಯತ್ಯಾಸ ಕಾಣದು. ಯಂತ್ರದ ಹೊಟ್ಟೆಯಲ್ಲಿ ಮಾತ್ರ ವಿಕ್ರೋಳಿ ಒಂದು ಕಡೆ 8 ಸಂಕೇತ, ಇನ್ನೊಂದು ಕಡೆ 10. ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಂದೊಂದು ಬೈಟಿಗೆ ವಿಳಾಸದಲ್ಲಿ ಪರ್ಸೆಂಟ್ ಚಿಹ್ನೆ ಸೇರಿ ಮೂರು ಅಕ್ಷರ. ಹಾಗಾಗಿ ಒಂದು ವಿಳಾಸದಲ್ಲಿ ವಿಕ್ರೋಳಿಯ ಉದ್ದ 72, ಇನ್ನೊಂದರಲ್ಲಿ 90.

ಯುನಿಕೋಡ್ ಇವೆರಡೂ ಒಂದೇ ಎಂದು ಘೋಷಿಸಿದೆ, ಒಂದು ಮಾಡುವ ವಿಧಾನವನ್ನೂ ಕೊಟ್ಟಿದೆ. ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದರೆ ಬಿಡಿಬಿಡಿಯಾಗಿದ್ದದ್ದು ಒಟ್ಟುಗೂಡುತ್ತದೆ. ಬ್ರೌಸರುಗಳು ಡೊಮೇನ್ ಹೆಸರಿನ ಮಟ್ಟಿಗೆ ಈ ಕೆಲಸವನ್ನು ತಪ್ಪದೆ ಮಾಡುತ್ತವೆ. ಕನ್ನಡ ಲಿಪಿಯ ಭಾರತ ಡೊಮೇನಿನಲ್ಲಿ ಯಾರಾದರೂ ವಿಳಾಸ ಹಾಕಿದರೆ, ಡಾಟ್‌ಗಳಿರುವ ಆ ಮೊದಲ ಭಾಗ ಎನ್‌ಎಫ್‌ಸಿ ಆಗಿಯೇ ಹೋಗುತ್ತದೆ. ಅದರ ಮುಂದಿನ ದಾರಿಯನ್ನು ಬ್ರೌಸರ್ ಮುಟ್ಟುವುದಿಲ್ಲ, ಟೈಪ್ ಮಾಡಿದ್ದು ಹೇಗಿತ್ತೋ ಹಾಗೇ ಸರ್ವರಿಗೆ ದಾಟಿಸುತ್ತದೆ. ಒಂದೇ ವಿಳಾಸದಲ್ಲಿ ಅರ್ಧಕ್ಕೆ ಒಂದು ನ್ಯಾಯ, ಇನ್ನರ್ಧಕ್ಕೆ ಇನ್ನೊಂದು. ದಾರಿಯ ಜವಾಬ್ದಾರಿ ಸರ್ವರಿನದು, ಅಂದರೆ ಫ್ರೇಮ್‌ವರ್ಕಿನದು. ಸ್ಲ್ಯಾಷ್ ಎಣಿಸುವುದರಲ್ಲಿ ಮುಳುಗಿರುವ ಫ್ರೇಮ್‌ವರ್ಕಿಗೆ ಪುರುಸೊತ್ತಿಲ್ಲ.

ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. ಹಳೆಯ ಮ್ಯಾಕ್ ಕಂಪ್ಯೂಟರುಗಳ ಫೈಲ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಬಿಡಿರೂಪದಲ್ಲೇ ಉಳಿಸುತ್ತಿತ್ತು. 2017ರಲ್ಲಿ ಹೊಸ ವ್ಯವಸ್ಥೆ ಬರುವ ತನಕ ಅದೇ ಪದ್ಧತಿ. ಫೈಲಿನ ಹೆಸರೇ ರೂಟ್ ಆಗುವ ಫ್ರೇಮ್‌ವರ್ಕುಗಳು ಈಗ ಬಹಳ. ಅಂಥ ಕಡೆ ವಿಕ್ರೋಳಿ ಎಂಬ ಫೈಲು 10 ಸಂಕೇತಗಳ ಹೆಸರಿನಲ್ಲಿ ಲಿನಕ್ಸ್ ಸರ್ವರಿಗೆ ಹೋದರೆ, ಮೊಬೈಲಿನಲ್ಲಿ 8 ಸಂಕೇತಗಳನ್ನು ಟೈಪ್ ಮಾಡಿದ ಓದುಗನಿಗೆ ಪುಟ ಸಿಗದು. ಡೆವಲಪರನ ಮ್ಯಾಕ್‌ನಲ್ಲಿ ಎಲ್ಲ ಸರಿಯಾಗಿದೆ. ಸರ್ವರಿನಲ್ಲಿ ಫೈಲು ಕಣ್ಣೆದುರೇ ಇದೆ. ಸಿಗುತ್ತಿಲ್ಲ. ಇಂಥ ತಪ್ಪು ಹುಡುಕಲು ಒಂದಿಡೀ ದಿನ ಕಳೆದವರು ಸಂಜೆ ಹೊತ್ತಿಗೆ ಒಂದು ತೀರ್ಮಾನಕ್ಕೆ ಬರುತ್ತಾರೆ: ಕನ್ನಡದ ವಿಳಾಸದ ಸಹವಾಸವೇ ಬೇಡ, ಇಂಗ್ಲಿಷಿನಲ್ಲಿ ಹಾಕೋಣ.

ಆ ತೀರ್ಮಾನಕ್ಕೆ ಬರುವವರ ವಾದವನ್ನು ನ್ಯಾಯವಾಗಿ ಕೇಳಬೇಕು, ಏಕೆಂದರೆ ಅದರಲ್ಲಿ ಅರ್ಧ ನಿಜ. ಬ್ರೌಸರಿನ ಪಟ್ಟಿಯಲ್ಲಿ ಚಂದವಾಗಿ ಕನ್ನಡದಲ್ಲಿ ಕಾಣುವ ವಿಳಾಸವನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಪರ್ಸೆಂಟ್ ಚಿಹ್ನೆಗಳ ಇರುವೆ ಸಾಲು ಬೀಳುತ್ತದೆ. ಸಂಘದ ಗುಂಪಿನಲ್ಲಿ ಯಾರೋ ಹಾಕಿದ ಅಂಥ ಕೊಂಡಿಯನ್ನು ನೋಡಿದ ಹಿರಿಯರು ಅದು ವೈರಸ್ ಎಂದು ತಿಳಿದು ಮುಟ್ಟದೆ ಬಿಟ್ಟರೆ ಅವರ ತಪ್ಪೇನಲ್ಲ. ವರ್ಡ್‌ಪ್ರೆಸ್‌ನ ಅವಸ್ಥೆ ಇನ್ನೂ ನೋಡುವಂಥದ್ದು. ಅದು ಕನ್ನಡವನ್ನು ಎಸೆಯುವುದಿಲ್ಲ, ಪರ್ಸೆಂಟ್ ರೂಪಕ್ಕೆ ತಿರುಗಿಸಿ ಡೇಟಾಬೇಸಿನಲ್ಲಿ ಇಡುತ್ತದೆ. ಆದರೆ ಆ ಕೋಣೆಯ ಅಗಲ 200 ಅಕ್ಷರ. ಇಂಗ್ಲಿಷಿನವನಿಗೆ ಅದು ಸಭಾಂಗಣ, ಕನ್ನಡಿಗನಿಗೆ 22 ಸಂಕೇತಗಳ ಗೂಡು. 'ವಿಕ್ರೋಳಿ ಕನ್ನಡಿಗರ ನೆನಪುಗಳು' ಎಂಬ ತಲೆಬರಹ ಕೊಟ್ಟರೆ 'ವಿಕ್ರೋಳಿ-ಕನ್ನಡಿಗರ-ನೆನಪುಗ' ಎಂಬಲ್ಲಿಗೆ ಸರಿಯಾಗಿ 200 ತುಂಬುತ್ತದೆ. ಮೂರೇ ಪದಗಳ ಶೀರ್ಷಿಕೆ, ಮೂರನೆಯದು ಬಾಗಿಲಿನಲ್ಲಿ ಸಿಕ್ಕಿಹಾಕಿಕೊಂಡಿದೆ.

ಇದೆಲ್ಲ ನಿಜ. ಆದರೆ ಇದಕ್ಕೆ ಮದ್ದೆಂದು ರೋಮನ್ ಲಿಪಿಗೆ ಓಡಿಹೋಗುವುದು ಮೇಲಿನ ಎರಡನೆಯ ತಪ್ಪಿಗೆ ತಲೆ ಕೊಟ್ಟಂತೆ. ರೋಮನ್ನಿನಲ್ಲಿ ಹುಳಿಯೂ ಹುಲಿಯೂ ಒಂದೇ. ಕಳೆಯೂ ಕಲೆಯೂ ಒಂದೇ. ಹಳ್ಳಿಯೂ ಹಲ್ಲಿಯೂ ಒಂದೇ. ಮೇಲಾಗಿ ಕನ್ನಡವನ್ನು ರೋಮನ್ನಿನಲ್ಲಿ ಬರೆಯಲು ಜನ ಒಪ್ಪಿದ ಒಂದು ಕ್ರಮವೇ ಇಲ್ಲ. ದೀರ್ಘಕ್ಕೆ ಕೆಲವರು ಎರಡು ಅಕ್ಷರ ಹಾಕುತ್ತಾರೆ, ಕೆಲವರು ಒಂದೇ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಅವುಗಳಲ್ಲಿ ಮಂಗಳೂರು, ಮೈಸೂರು, ಬೆಂಗಳೂರುಗಳ ಕನ್ನಡ ರೂಪ ಒಂದು ಚುಕ್ಕಿಯೂ ಅಲುಗಲಿಲ್ಲ. ಇಂಗ್ಲಿಷ್ ವಿಳಾಸವೇ ಸ್ಥಿರ ಎಂದು ನಂಬಿದವರ ಕೊಂಡಿಗಳು ಹಳೆಯವಾದವು, ಕನ್ನಡದಲ್ಲಿ ಇಟ್ಟವರದು ಹಾಗೇ ಉಳಿಯಿತು. ಗೂಗಲ್ ಇಂಗ್ಲಿಷ್ ವಿಳಾಸವನ್ನೇ ಇಷ್ಟಪಡುತ್ತದೆ ಎಂಬುದು ಇನ್ನೊಂದು ಗಾಳಿಮಾತು. ಓದುಗರ ಭಾಷೆಯ ಪದಗಳನ್ನೇ ವಿಳಾಸದಲ್ಲಿ ಬಳಸಿ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಬರೆದಿದೆ.

ಉದ್ದದ ಸಮಸ್ಯೆಗೆ ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ. ಸ್ಟ್ಯಾಕ್ ಓವರ್‌ಫ್ಲೋದ ವಿಳಾಸಗಳಲ್ಲಿ ಮೊದಲು ಒಂದು ಸಂಖ್ಯೆ, ಅದರ ಹಿಂದೆ ಶೀರ್ಷಿಕೆ. ಪುಟ ಹುಡುಕಲು ಸಂಖ್ಯೆಯೇ ಸಾಕು. ಶೀರ್ಷಿಕೆ ತುಂಡಾದರೂ ತಪ್ಪಾದರೂ ಸರ್ವರ್ ಓದುಗನನ್ನು ಸರಿಯಾದ ವಿಳಾಸಕ್ಕೆ ಕಳಿಸುತ್ತದೆ. ಕನ್ನಡ ತಾಣ ಇದನ್ನೇ ಮಾಡಲಿ: ಹಂಚಲು ಸಂಖ್ಯೆ, ಓದಲು ಕನ್ನಡ. ಇನ್ನು ಕನ್ನಡ ವಿಕಿಪೀಡಿಯ 2003ರಿಂದಲೂ ಕನ್ನಡ ಲಿಪಿಯ ವಿಳಾಸಗಳಲ್ಲೇ ನಡೆಯುತ್ತಿದೆ. ಅದರ ತಂತ್ರಾಂಶ ಬಂದ ಹೆಸರನ್ನು ಎನ್‌ಎಫ್‌ಸಿಗೆ ತರುತ್ತದೆ, ಯಾವ ಗುರುತನ್ನೂ ಕೀಳುವುದಿಲ್ಲ, ಪರ್ಯಾಯ ಕಾಗುಣಿತಗಳಿಗೆ ಪುನರ್ನಿರ್ದೇಶನ ಇಡಲು ಬರೆಯುವವರಿಗೆ ಬಿಡುತ್ತದೆ. ಸ್ಥಿರ ತಾಣಗಳನ್ನು ಕಟ್ಟುವ ಹ್ಯೂಗೋ ಕೂಡ ಅಕ್ಷರಗಳ ಜೊತೆ ಗುರುತುಗಳಿಗೂ ಜಾಗ ಕೊಟ್ಟಿದೆ. ಆಗುವುದಿಲ್ಲ ಎನ್ನುವವರು ಆಗಿರುವುದನ್ನು ನೋಡುತ್ತಿಲ್ಲ.

ನಾರ್ಮಲೈಸ್ ಮಾಡುವುದೇ ಬೇಡ ಎಂದು ಇದರಿಂದ ಯಾರೂ ತಿಳಿಯಬಾರದು. ಅದನ್ನು ಎಲ್ಲಿ, ಯಾವಾಗ, ಎಷ್ಟು ಮಾಡಬೇಕೆಂಬ ಲೆಕ್ಕ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಗಳಿವೆ. 2000ದ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ವೆಬ್ ಸರ್ವರಿನ ಒಂದು ಬಿರುಕಿನ ಬಗ್ಗೆ ಎಚ್ಚರಿಕೆ ಹೊರಡಿಸಿತು. ಆ ಸರ್ವರ್ ವಿಳಾಸವನ್ನು ಮೊದಲು ತಪಾಸಣೆ ಮಾಡಿ, ಆಮೇಲೆ ಸಂಕೇತ ಬಿಡಿಸುತ್ತಿತ್ತು. ಸ್ಲ್ಯಾಷನ್ನು ಅಡ್ಡದಾರಿಯ ಸಂಕೇತದಲ್ಲಿ ಬರೆದವರು ತಪಾಸಣೆ ದಾಟಿ ಒಳಗೆ ನುಗ್ಗಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಹಬ್ಬಿದ ನಿಮ್ಡಾ ಹುಳು ಬಳಸಿದ ದಾರಿಗಳಲ್ಲಿ ಅದೂ ಒಂದು. 2013ರಲ್ಲಿ ಸ್ಪಾಟಿಫೈ ತಾನೇ ಇನ್ನೊಂದು ಕತೆ ಹೇಳಿಕೊಂಡಿತು. ಬಿಗ್‌ಬರ್ಡ್ ಎಂಬ ಬಳಕೆದಾರನ ಹೆಸರನ್ನೇ ವಿಚಿತ್ರ ಯುನಿಕೋಡ್ ಅಕ್ಷರಗಳಲ್ಲಿ ಬರೆದು ಹೊಸ ಖಾತೆ ತೆರೆದವರು ಹಳೆಯ ಖಾತೆಯ ಪಾಸ್‌ವರ್ಡನ್ನೇ ಬದಲಿಸಬಹುದಿತ್ತು. ಹೆಸರನ್ನು ಒಮ್ಮೆ ನಾರ್ಮಲೈಸ್ ಮಾಡಿದಾಗ ಒಂದು ಫಲ, ಅದೇ ಫಲವನ್ನು ಮತ್ತೊಮ್ಮೆ ನಾರ್ಮಲೈಸ್ ಮಾಡಿದಾಗ ಇನ್ನೊಂದು ಫಲ ಬರುತ್ತಿದ್ದದ್ದೇ ಕಾರಣ. ಅಕ್ಕಿಯನ್ನು ಒಮ್ಮೆ ಆರಿಸಿದ ಮೇಲೆ ಇನ್ನೊಮ್ಮೆ ಆರಿಸಿದರೆ ಕಲ್ಲು ಸಿಗಬಾರದು, ಸಿಕ್ಕರೆ ಮೊದಲ ಸಲ ಆರಿಸಿದ್ದು ಸರಿಯಿಲ್ಲ.

ಭದ್ರತೆಯ ಈ ಮಾತನ್ನೇ ಮುಂದೆ ಹಿಡಿದು ಕನ್ನಡದ ಗ ಮತ್ತು ತೆಲುಗಿನ ಗ ಒಂದೇ ಥರ ಕಾಣುತ್ತವೆ, ಮೋಸವಾಗುತ್ತದೆ, ಆದ್ದರಿಂದ ರೋಮನ್ನೇ ಕ್ಷೇಮ ಎನ್ನುವವರಿದ್ದಾರೆ. ಡೊಮೇನ್ ಹೆಸರಿನ ಮಟ್ಟಿಗೆ ಅದು ಸರಿಯಾದ ಅಂಜಿಕೆ. ಸ್ವಂತ ಡೊಮೇನಿನ ಒಳಗಿನ ದಾರಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ರೂಟುಗಳನ್ನು ಬರೆಯುವವನು ಮನೆಯ ಯಜಮಾನನೇ. ತನ್ನ ಮನೆಯ ಕೋಣೆಗೆ ತಾನೇ ನಕಲಿ ಬೋರ್ಡು ಹಾಕಿಕೊಳ್ಳುವವರು ಯಾರು?

ಎನ್‌ಎಫ್‌ಸಿ ಒಂದರಿಂದ ಕನ್ನಡದ ಕಷ್ಟ ತೀರುವುದಿಲ್ಲ ಎಂಬುದನ್ನೂ ಹೇಳಬೇಕು. ರಾಜ್‌ಕುಮಾರ್ ಎಂದು ಬರೆಯುವಾಗ ಜ ಕೆಳಗೆ ಕ ಒತ್ತು ಬೀಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ವಿಭಜಕ ಇರುತ್ತದೆ. ರ‍್ಯಾಂಕ್ ಎಂದು ಬರೆಯುವಾಗ ರ ಅರ್ಕಾವತ್ತಾಗಿ ಹಾರಿಹೋಗದಂತೆ ಹಿಡಿದಿಡಲು ಕಾಣದ ಒಂದು ಜೋಡಕ. ಆ ಜೋಡಕ ರಕಾರದ ಬೆನ್ನಿಗೇ ಬರಬೇಕೆಂಬುದು ಯುನಿಕೋಡ್ ಹೇಳುವ ಕ್ರಮ, ವಿರಾಮದ ಆಮೇಲೆ ಹಾಕಿದ ಬರಹಗಳೂ ಬೇಕಾದಷ್ಟಿವೆ. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ. ಹಾಗಾಗಿ ವಿಭಜಕ ಇರುವ ರಾಜ್‌ಕುಮಾರ್, ಇಲ್ಲದ ರಾಜ್ಕುಮಾರ್ ಎರಡು ಬೇರೆ ವಿಳಾಸಗಳು. ಓದುಗ ಯಾವುದನ್ನು ಟೈಪ್ ಮಾಡುತ್ತಾನೆಂಬುದು ಅವನ ಕೀಲಿಮಣೆಗೆ ಬಿಟ್ಟದ್ದು. ಇಲ್ಲಿ ಬೇಕಾದ್ದು ಎರಡು ರೂಪ. ತೋರಿಸುವ ವಿಳಾಸದಲ್ಲಿ ವಿಭಜಕ ಜೋಡಕಗಳು ಹಾಗೇ ಇರಬೇಕು, ತೆಗೆದರೆ ಕನ್ನಡ ಕೆಡುತ್ತದೆ. ಹೋಲಿಸಲು ಒಳಗೆ ಇಟ್ಟುಕೊಳ್ಳುವ ಕೀಲಿಯಲ್ಲಿ ಅವು ಇರಬಾರದು. ಬಂದವನನ್ನು ಕೀಲಿಯಿಂದ ಗುರುತಿಸಿ, ತೋರಿಸುವ ವಿಳಾಸಕ್ಕೆ ಮರುದಾರಿ ಕೊಡಬೇಕು. ಕೊನೆಯ ಸ್ಲ್ಯಾಷಿಗೆ ಈಗಾಗಲೇ ಮಾಡುತ್ತಿರುವ ಸೇವೆಗಿಂತ ಇದು ಒಂದು ಗೇಣೂ ಹೆಚ್ಚಿನದಲ್ಲ.

ಹಾಗಾದರೆ ವಿಕ್ರೋಳಿ, ವಿಕ್ರೋಲಿ, ವಿಖ್ರೋಲಿ ಮೂರನ್ನೂ ಕೀಲಿಯಲ್ಲೇ ಒಂದು ಮಾಡಬಹುದಲ್ಲ ಎಂದರೆ, ಕೂಡದು. ಳ ಮತ್ತು ಲ ಒಂದೇ ಎಂಬ ನಿಯಮ ಬರೆದ ಕ್ಷಣ ಹುಳಿಯ ಪುಟದಲ್ಲಿ ಹುಲಿ ಬಂದು ಕೂರುತ್ತದೆ. ಊರಿನ ಹೆಸರಿಗೆ ಮೂರು ಕಾಗುಣಿತ ಇದೆಯೆಂಬುದು ಆ ಊರನ್ನು ಬಲ್ಲವರಿಗೆ ಗೊತ್ತಿರುವ ಸಂಗತಿ, ಲಿಪಿಯ ಸಂಗತಿಯಲ್ಲ. ಅದನ್ನು ಬಲ್ಲವರೇ ಒಂದೊಂದಾಗಿ ಪಟ್ಟಿಯಲ್ಲಿ ಬರೆಯಬೇಕು. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ 2018ರಲ್ಲಿ ಪ್ರಭಾದೇವಿ ಆದದ್ದನ್ನು ಯಾವ ನಾರ್ಮಲೈಸೇಷನ್ ನಿಯಮವೂ ಊಹಿಸಲಾರದು, ಹಾಗೆಯೇ ಇದೂ.

ಇಷ್ಟೆಲ್ಲ ತಕರಾರು ಯಾರ ಪಾಲಿಗೆ ಎಂದು ಕೇಳಬಹುದು. ಮುಂಬೈಯ ಕನ್ನಡಿಗರ ಬರಹ ಬಹುಪಾಲು ಇರುವುದು ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಸಮುದಾಯದ ಮಾಸಿಕಗಳಲ್ಲಿ, ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ನೆನಪುಗಳಲ್ಲಿ. ಇವು ವೆಬ್‌ಗೆ ಬರುವಾಗ ಬರುವುದು ನುಡಿ ಫೈಲುಗಳಿಂದ, ಹಳೆಯ ಫಾಂಟುಗಳಿಂದ, ದೀರ್ಘ ಬೇರೆ ಅಕ್ಷರ ಬೇರೆಯಾಗಿದ್ದ ಆ ಕಾಲದಿಂದ. ಪರಿವರ್ತಕ ತಂತ್ರಾಂಶ ಸ್ವಲ್ಪ ಎಚ್ಚರ ತಪ್ಪಿದರೂ ಬಿಡಿರೂಪಗಳು ಹಾಗೇ ಉಳಿಯುತ್ತವೆ. ಟಾಗೋರ್ ನಗರದ, ಕನ್ನಂವಾರ್ ನಗರದ ಮನೆಯೊಂದರಲ್ಲಿ ಮೊಮ್ಮಗಳೊಬ್ಬಳು ತನ್ನ ಅಜ್ಜನ ಹೆಸರು ಹಾಕಿ ಹುಡುಕುವ ಹೊತ್ತಿಗೆ, ಆ ಹೆಸರಿನ ಪುಟ ಇದ್ದೂ ಸಿಗದೆ ಹೋಗುವುದು, ಅಥವಾ ಗುಡಿಸು ಕೊಂಬುಗಳನ್ನು ಕಳೆದುಕೊಂಡ ಬೇರೆ ಯಾರದೋ ಹೆಸರಿನ ಜೊತೆ ಕಲಸಿಹೋಗುವುದು ತಾಂತ್ರಿಕ ವಿವರವಲ್ಲ. ಸದ್ದಿಲ್ಲದೆ ಆಗುವ ನಷ್ಟ ಇದು. ದೋಷಸಂದೇಶ ಬರುವುದು ಓದುಗನಿಗೆ, ಬರೆದವನಿಗೆ ಗೊತ್ತೇ ಆಗುವುದಿಲ್ಲ.

ದೂರಬೇಕಾದ್ದು ಅಮೆರಿಕದ ಕನ್ಸಾಸಿನಲ್ಲಿ ಹುಟ್ಟಿದ ಜ್ಯಾಂಗೋವನ್ನಲ್ಲ. ಅದು ಮುಕ್ತ ತಂತ್ರಾಂಶ. ತಿದ್ದುವ ಹಕ್ಕು ಎಲ್ಲರಿಗೂ ಇದೆ. ಬೆಂಗಳೂರಿನಲ್ಲಿ, ಪವಾಯಿಯಲ್ಲಿ, ವಿಕ್ರೋಳಿಯ ಗಾಜಿನ ಕಟ್ಟಡಗಳಲ್ಲಿ ಕೂತು ದಿನವಿಡೀ ರೂಟ್ ಬರೆಯುವ ಕನ್ನಡ ಬಲ್ಲ ಇಂಜಿನಿಯರುಗಳಿಗೆ ಕೊರತೆಯಿಲ್ಲ. ನವೆಂಬರಿನಲ್ಲಿ ಆಫೀಸಿನ ಬಾಗಿಲಿಗೆ ಹಳದಿ ಕೆಂಪು ಬಾವುಟ ಕಟ್ಟುವವರೂ ಅವರೇ. ಕಂಪನಿಯ ಪರೀಕ್ಷೆಗಳಲ್ಲಿ ಕೊನೆಯ ಸ್ಲ್ಯಾಷಿಗೆ ನಾಲ್ಕು ಟೆಸ್ಟ್ ಇರುತ್ತವೆ, ಕನ್ನಡ ಪದಕ್ಕೆ ಒಂದೂ ಇರುವುದಿಲ್ಲ. ಬರೆಯಬೇಕಾದ ಕೋಡ್ ಹತ್ತು ಸಾಲು. ವಿಳಾಸವನ್ನು ಒಮ್ಮೆ ಮಾತ್ರ ಬಿಡಿಸಿ, ಎನ್‌ಎಫ್‌ಸಿಗೆ ತಂದು, ತಪಾಸಣೆಯನ್ನು ಅದರ ನಂತರ ಮಾಡುವುದು. ರೂಟುಗಳನ್ನೂ ನೋಂದಾಯಿಸುವಾಗಲೇ ಅದೇ ರೂಪಕ್ಕೆ ತರುವುದು. ಅಕ್ಷರ ಎಂದಲ್ಲೆಲ್ಲ ಗುರುತು, ಜೋಡಕ, ವಿಭಜಕ ಎಂದೂ ಸೇರಿಸುವುದು. ರೂಪ ಬೇರೆಯಾಗಿ ಬಂದವನಿಗೆ 404ರ ಬದಲು 301 ಕೊಡುವುದು, ಫಾರ್ಮ್ ತುಂಬಿ ಕಳಿಸುತ್ತಿದ್ದರೆ ತುಂಬಿದ್ದು ಕಳೆದುಹೋಗದಂತೆ 308 ಕೊಡುವುದು.

ಟೆಸ್ಟಿಗೆ ಐದು ಪದ ಸಾಕು. ವಿಕ್ರೋಳಿ, ಒಮ್ಮೆ 8 ಸಂಕೇತಗಳಲ್ಲಿ, ಒಮ್ಮೆ 10ರಲ್ಲಿ. ರಾಜ್‌ಕುಮಾರ್, ವಿಭಜಕ ಇದ್ದು ಮತ್ತು ಇಲ್ಲದೆ. ರ‍್ಯಾಂಕ್, ಜೋಡಕದ ಎರಡೂ ಕ್ರಮಗಳಲ್ಲಿ. ಈ ಮೂರು ಪದಗಳ ಎರಡೆರಡು ರೂಪಗಳು ಒಂದೊಂದೇ ಪುಟಕ್ಕೆ ಹೋಗಬೇಕು. ಉಳಿದೆರಡು ಪದ ಮೈಸೂರು ಮತ್ತು ಮೊಸರು. ಅವು ಬೇರೆ ಬೇರೆ ಪುಟಕ್ಕೆ ಹೋಗಬೇಕು.